ಕಾರ್ಡ್ ಶುಲ್ಕ: 2,500 ರೂಪಾಯಿಯ ಆರ್ಡರ್‌ನಲ್ಲಿ 59 ರೂಪಾಯಿ ಎಲ್ಲಿ ಹೋಯಿತು?

ಮನೆಯಿಂದ ಆನ್‌ಲೈನ್ ವ್ಯಾಪಾರ ಮಾಡುವವರು ತಿಳಿದಿರಬೇಕಾದ ಲೆಕ್ಕ

2,500 ರೂಪಾಯಿಯ ಆರ್ಡರ್ ಬಂತು. ಗಿರಾಕಿ ಕಾರ್ಡ್‌ನಲ್ಲಿ ಹಣ ಕಟ್ಟಿದರು. ಪಾರ್ಸೆಲ್ ಕಳಿಸಿದ್ದೂ ಆಯ್ತು. ಎರಡು ದಿನ ಬಿಟ್ಟು ಬ್ಯಾಂಕ್ ಖಾತೆ ನೋಡಿದರೆ ಬಿದ್ದಿರುವುದು 2,441 ರೂಪಾಯಿ. ಉಳಿದ 59 ರೂಪಾಯಿ ಯಾರು ತಗೊಂಡರು, ಯಾಕೆ ತಗೊಂಡರು ಅಂತ ಕೇಳಿದರೆ ಹೆಚ್ಚಿನವರಲ್ಲಿ ಉತ್ತರ ಇಲ್ಲ. "ಅದು ಕಂಪೆನಿಯವರು ಕಟ್ ಮಾಡ್ತಾರೆ" ಎಂದು ಸುಮ್ಮನಾಗುತ್ತಾರೆ. 59 ರೂಪಾಯಿ ತಾನೇ, ಹೋಗಲಿ ಅಂತ ಅನ್ನಿಸುವುದೂ ಸಹಜ. ಆದರೆ ಆ 59 ರೂಪಾಯಿ ಹೋದದ್ದು ನಿಮ್ಮ ಮಾರಾಟದಿಂದ ಅಲ್ಲ, ನಿಮ್ಮ ಲಾಭದಿಂದ. ಈ ಒಂದು ವ್ಯತ್ಯಾಸ ಅರ್ಥವಾದರೆ ಸಣ್ಣ ವ್ಯಾಪಾರದ ಅರ್ಧ ಲೆಕ್ಕ ಅರ್ಥವಾದ ಹಾಗೆ.

ಹಿರಿಯೂರನ್ನೇ ತೆಗೆದುಕೊಳ್ಳಿ. ವಾಣಿವಿಲಾಸ ಸಾಗರದ ನೀರು, ವೇದಾವತಿಯ ದಂಡೆಯ ತೆಂಗಿನ ತೋಟ, ಬಯಲಿನಲ್ಲಿ ಶೇಂಗಾ, ಈರುಳ್ಳಿ. ಅತ್ತ ಹೊಸದುರ್ಗದ ತೆಂಗು, ದಾಳಿಂಬೆ, ಹೊಳಲ್ಕೆರೆಯ ಅಡಿಕೆ. ಬೆಂಗಳೂರು–ಪುಣೆ ಹೆದ್ದಾರಿ ಊರಿಗೆ ತಾಗಿಕೊಂಡೇ ಹೋಗುವುದರಿಂದ ಪಾರ್ಸೆಲ್ ಕಳಿಸುವುದು ಕಷ್ಟವಲ್ಲ. ಇಂಥ ಊರಿನಲ್ಲಿ ಗಾಣದ ಶೇಂಗಾ ಎಣ್ಣೆ, ಕೊಬ್ಬರಿ, ಮಸಾಲೆ ಪುಡಿ ತಯಾರಿಸಿ ಫೋನಿನಲ್ಲೇ ಮಾರಲು ಹೊರಟ ಮನೆಗೆ ಗಿರಾಕಿ ಸಂತೆಯಲ್ಲೇ ಸಿಗಬೇಕೆಂದಿಲ್ಲ. ಒಬ್ಬರು ಮಂಗಳೂರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಕಾಸರಗೋಡಿನಲ್ಲಿ, ಮಗದೊಬ್ಬರು ದುಬೈಯಲ್ಲಿ ಕೂತು ಊರಲ್ಲಿರುವ ಉಮ್ಮನಿಗೆ ಎಣ್ಣೆ ಕಳಿಸಿ ಅನ್ನುವವರು. ಕರಾವಳಿ ಬಿಟ್ಟು ಘಟ್ಟದ ಮೇಲೆ ನೆಲೆಸಿದ ನಮ್ಮ ಕುಟುಂಬಗಳಿಗೆ ಇಂಥ ಸಂಪರ್ಕವೇ ಬಂಡವಾಳ. ಅಂಥ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಮಾಡೋಣ.

ಮಧ್ಯದಲ್ಲಿ ನಾಲ್ವರು

ಗಿರಾಕಿ ಫೋನಿನಲ್ಲಿ ಕಾರ್ಡ್ ನಂಬರ್ ಹಾಕಿ, ಒ.ಟಿ.ಪಿ. ಒತ್ತಿದ ಆ ಕೆಲವೇ ಸೆಕೆಂಡಿನಲ್ಲಿ ನಾಲ್ಕು ಕಡೆ ಕೆಲಸ ನಡೆಯುತ್ತದೆ.

ಒಂದು, ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕ್. ಎರಡು, ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲ. ಇದು ಬ್ಯಾಂಕ್‌ಗಳ ನಡುವಿನ ರಸ್ತೆ ಇದ್ದ ಹಾಗೆ. ಮೂರು, ವ್ಯಾಪಾರಿಯ ಪರವಾಗಿ ಹಣ ಸ್ವೀಕರಿಸುವ ಬ್ಯಾಂಕ್. ನಾಲ್ಕು, ಈ ಎಲ್ಲರನ್ನೂ ಜೋಡಿಸಿ ನಿಮಗೆ ಒಂದು ಲಿಂಕ್ ಅಥವಾ ಬಟನ್ ಮಾಡಿಕೊಡುವ ಕಂಪೆನಿ. ಇದನ್ನು ಪೇಮೆಂಟ್ ಅಗ್ರಿಗೇಟರ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಪೇಮೆಂಟ್ ಗೇಟ್‌ವೇ. ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೊ, ಫೋನ್‌ಪೇ ಮುಂತಾದವು ಬೆಂಗಳೂರಿನಲ್ಲೇ ಬೆಳೆದ ಕಂಪೆನಿಗಳು.

ಈ ನಾಲ್ವರಿಗೂ ಸೇರಿ ವ್ಯಾಪಾರಿ ಕೊಡುವ ಪಾಲಿಗೆ ಮರ್ಚಂಟ್ ಡಿಸ್ಕೌಂಟ್ ರೇಟ್, ಚುಟುಕಾಗಿ ಎಂ.ಡಿ.ಆರ್. ಎಂದು ಹೆಸರು. ಇದರಲ್ಲಿ ದೊಡ್ಡ ತುಂಡು ಸಾಮಾನ್ಯವಾಗಿ ಹೋಗುವುದು ಗಿರಾಕಿಯ ಬ್ಯಾಂಕಿಗೆ. ಯಾಕೆಂದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಗಿರಾಕಿ ಇವತ್ತು ಕೊಳ್ಳುತ್ತಾರೆ, ಬಿಲ್ ಕಟ್ಟುವುದು ವಾರಗಳ ನಂತರ. ನಿಮಗೆ ಮಾತ್ರ ಹಣ ಒಂದೆರಡು ದಿನದಲ್ಲೇ ಬರಬೇಕು. ಆ ನಡುವಿನ ಅವಧಿಗೆ ಹಣ ಹಾಕುವುದು, ಗಿರಾಕಿ ಕಟ್ಟದಿದ್ದರೆ ನಷ್ಟ ಹೊರುವುದು ಬ್ಯಾಂಕ್. ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್ ಇದೆಯಲ್ಲ, ಅದಕ್ಕೆ ಬೇಕಾದ ಹಣವೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ. ಅಂದರೆ ಆ ಪಾಯಿಂಟ್‌ನಲ್ಲಿ ನಿಮ್ಮ ಎಣ್ಣೆಯದೂ ಒಂದು ಹನಿ ಇದೆ.

ಹಣ ದಾಟಿಸುವುದಕ್ಕೆ ಬೆಲೆ ಕೊಡುವುದು ಹೊಸತೇನಲ್ಲ. ಮನಿಯಾರ್ಡರ್ ಕಾಲದಲ್ಲಿ ಪ್ರತಿ 20 ರೂಪಾಯಿಗೆ 1 ರೂಪಾಯಿ ಕಮಿಷನ್ ಇತ್ತು, ಅಂದರೆ ಶೇ. 5. ಅಂಚೆಯ ವಿ.ಪಿ.ಪಿ.ಯಲ್ಲಿ ಪುಸ್ತಕ, ಔಷಧ ತರಿಸಿದ ಹಿರಿಯರಿಗೆ ಇದು ನೆನಪಿರಬಹುದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಕಟ್ಟಿದರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ಬೆಳೆದ ಅದು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ದುಡ್ಡು ನಂಬಿಕೆಯಿಂದ ಕೈ ಬದಲಾಯಿಸಬೇಕಾದರೆ ಮಧ್ಯೆ ಒಂದು ಸಂಸ್ಥೆ ಬೇಕು, ಆ ಸಂಸ್ಥೆಗೆ ಖರ್ಚು ಇದೆ ಎನ್ನುವುದು ನಮ್ಮ ಕರಾವಳಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಹಾಗಾಗಿ ಶುಲ್ಕ ಇರುವುದೇ ತಪ್ಪಲ್ಲ. ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೊಡುವುದು ತಪ್ಪು.

ಮಾರಾಟದ ಮೇಲೆ ಶೇ. 2, ಲಾಭದ ಮೇಲೆ ಶೇ. 20

ಈಗ ಲೆಕ್ಕಕ್ಕೆ ಬರೋಣ. 2,500 ರೂಪಾಯಿಯ ಒಂದು ಆರ್ಡರ್. ಶೇಂಗಾ, ಗಾಣದ ಕೂಲಿ, ಡಬ್ಬಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಸೇರಿ ಖರ್ಚು 2,200 ಅಂತ ಇಟ್ಟುಕೊಳ್ಳಿ. ಉಳಿಯುವ ಲಾಭ 300.

ಸಣ್ಣ ವ್ಯಾಪಾರಿಗಳಿಗೆ ದೇಶದೊಳಗಿನ ಕಾರ್ಡ್‌ಗೆ ಗೇಟ್‌ವೇ ಕಂಪೆನಿಗಳು ಸಾಮಾನ್ಯವಾಗಿ ಹೇಳುವ ದರ ಶೇ. 2. ಅಂದರೆ 50 ರೂಪಾಯಿ. ಈ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ., ಅಂದರೆ 9 ರೂಪಾಯಿ. ಒಟ್ಟು 59. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ.

2,500ರಲ್ಲಿ 59 ಎಂದರೆ ಶೇ. 2.36. ಸಣ್ಣದಾಗಿ ಕಾಣುತ್ತದೆ. ಆದರೆ ನಿಮ್ಮ 300 ರೂಪಾಯಿ ಲಾಭದಲ್ಲಿ 59 ಎಂದರೆ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು. ತಿಂಗಳಿಗೆ ಇಂಥ 40 ಆರ್ಡರ್, ಎಲ್ಲವೂ ಕಾರ್ಡ್‌ನಲ್ಲಿ ಬಂದರೆ ಲಾಭ 12,000 ರೂಪಾಯಿ, ಅದರಲ್ಲಿ ಶುಲ್ಕಕ್ಕೇ ಹೋಗುವುದು 2,360. ಬಟ್ಟೆ, ಆಭರಣದಂತೆ ಲಾಭದ ಅಂತರ ಹೆಚ್ಚಿರುವ ವ್ಯಾಪಾರದಲ್ಲಿ ಇದು ಅಷ್ಟಾಗಿ ತಟ್ಟುವುದಿಲ್ಲ. ಎಣ್ಣೆ, ದಿನಸಿಯಂಥ ಕಡಿಮೆ ಲಾಭದ ಸರಕಿನಲ್ಲಿ ಚೆನ್ನಾಗಿಯೇ ತಟ್ಟುತ್ತದೆ.

ಇಲ್ಲಿ ಒಂದು ಸಣ್ಣ ಅನುಕೂಲ ಇದೆ. ಒಂದು ಸಲಕ್ಕೆ 2,000 ರೂಪಾಯಿ ವರೆಗಿನ ಕಾರ್ಡ್ ಪಾವತಿಯನ್ನು ಇತ್ಯರ್ಥ ಮಾಡುವ ಬ್ಯಾಂಕ್ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಪೇಮೆಂಟ್ ಅಗ್ರಿಗೇಟರ್‌ಗಳಿಗೂ ಇದು ಅನ್ವಯ ಎಂದು ಸ್ಪಷ್ಟಪಡಿಸಲು 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ತೀರ್ಮಾನಿಸಿತು. ಆದ್ದರಿಂದ 1,800 ರೂಪಾಯಿಯ ಕಾರ್ಡ್ ಆರ್ಡರ್‌ಗೆ ನಿಮ್ಮಿಂದ ಶುಲ್ಕದ ಮೇಲೆ ತೆರಿಗೆ ಹಿಡಿದಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಯಾವ ದಾರಿಗೆ ಎಷ್ಟು?

ಗಿರಾಕಿ ಯಾವ ದಾರಿಯಲ್ಲಿ ಹಣ ಕೊಡುತ್ತಾರೆ ಎನ್ನುವುದರ ಮೇಲೆ ನಿಮ್ಮ ಖರ್ಚು ಬದಲಾಗುತ್ತದೆ. ಒಂದೊಂದಾಗಿ ನೋಡೋಣ.

ಯು.ಪಿ.ಐ.: ಬ್ಯಾಂಕ್ ಖಾತೆಯಿಂದ ಬರುವ ಯು.ಪಿ.ಐ. ಪಾವತಿಗೆ 2020ರ ಜನವರಿ 1ರಿಂದ ಎಂ.ಡಿ.ಆರ್. ಸೊನ್ನೆ. ಇದು ಕಂಪೆನಿಯ ಕೊಡುಗೆ ಅಲ್ಲ, ಕಾನೂನು. ಗಿರಾಕಿ ನೇರವಾಗಿ ನಿಮ್ಮ ಕ್ಯೂ.ಆರ್. ಕೋಡ್‌ಗೆ ಅಥವಾ ಯು.ಪಿ.ಐ. ಐಡಿಗೆ ಕಳಿಸಿದರೆ 2,500ಕ್ಕೆ 2,500 ನಿಮ್ಮದೇ.

ರುಪೇ ಡೆಬಿಟ್ ಕಾರ್ಡ್: ಇದಕ್ಕೂ ಅದೇ ದಿನದಿಂದ ಎಂ.ಡಿ.ಆರ್. ಇಲ್ಲ.

ಬೇರೆ ಡೆಬಿಟ್ ಕಾರ್ಡ್: ರಿಸರ್ವ್ ಬ್ಯಾಂಕ್ 2018ರ ಜನವರಿ 1ರಿಂದ ಮಿತಿ ಹಾಕಿದೆ. ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷ ರೂಪಾಯಿ ವರೆಗೆ ವಹಿವಾಟು ಮಾಡಿದ ಸಣ್ಣ ವ್ಯಾಪಾರಿಗೆ ಆನ್‌ಲೈನ್‌ನಲ್ಲಿ ಶೇ. 0.40, ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 200 ರೂಪಾಯಿ. ಅದಕ್ಕಿಂತ ದೊಡ್ಡವರಿಗೆ ಶೇ. 0.90, ಹೆಚ್ಚೆಂದರೆ 1,000 ರೂಪಾಯಿ. ನಮ್ಮ 2,500ರ ಆರ್ಡರ್‌ಗೆ ಇದು 10 ರೂಪಾಯಿ ಮಾತ್ರ.

ಕ್ರೆಡಿಟ್ ಕಾರ್ಡ್: ಇದಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ ಮಿತಿ ಇಲ್ಲ. ಶೇ. 2 ಎನ್ನುವುದು ಮಾರುಕಟ್ಟೆಯ ರೂಢಿ. ಅಮೆರಿಕನ್ ಎಕ್ಸ್‌ಪ್ರೆಸ್, ಕಾರ್ಪೊರೇಟ್ ಕಾರ್ಡ್, ಇ.ಎಂ.ಐ. ಎಂದರೆ ಶೇ. 3ರ ಆಸುಪಾಸಿಗೆ ಏರುವುದುಂಟು.

ಯು.ಪಿ.ಐ. ಮೂಲಕ ರುಪೇ ಕ್ರೆಡಿಟ್ ಕಾರ್ಡ್: 2022ರ ಸೆಪ್ಟೆಂಬರ್‌ನಲ್ಲಿ ಇದು ಬಂತು. ನೋಡಲು ಮಾಮೂಲಿ ಯು.ಪಿ.ಐ. ಹಾಗೇ ಇರುತ್ತದೆ. ಸಣ್ಣ ವ್ಯಾಪಾರಿಗೆ 2,000 ರೂಪಾಯಿ ವರೆಗೆ ಶುಲ್ಕ ಇಲ್ಲ, ಅದಕ್ಕಿಂತ ಮೇಲೆ ಇದೆ. ಯು.ಪಿ.ಐ.ಯಲ್ಲೇ ಬಂದರೂ ಯಾಕೆ ಹಣ ಕಡಿತ ಆಯ್ತು ಅಂತ ಗೊಂದಲ ಆಗುವುದು ಇಲ್ಲೇ.

ಈ ದರಗಳ ಮಧ್ಯೆ ಒಂದು ಮುಖ್ಯ ಮಾತು ತಪ್ಪಿಹೋಗುತ್ತದೆ. ಸೊನ್ನೆ ಮತ್ತು 0.40 ಎನ್ನುವ ಮಿತಿಗಳು ಎಂ.ಡಿ.ಆರ್.ಗೆ. ಗೇಟ್‌ವೇ ಕಂಪೆನಿ ತನ್ನ ವೆಬ್ ಪುಟ, ಲಿಂಕ್, ಲೆಕ್ಕಪತ್ರದ ಸೇವೆಗೆ 'ಪ್ಲಾಟ್‌ಫಾರ್ಮ್ ಶುಲ್ಕ' ಎಂದು ಬೇರೆ ಹಾಕಬಹುದು. ಎಲ್ಲ ದಾರಿಗೂ ಒಂದೇ ಶೇ. 2 ಎಂಬ ಯೋಜನೆಗೆ ನೀವು ಸಹಿ ಹಾಕಿದ್ದರೆ, ಪುಕ್ಕಟೆ ಬರಬೇಕಾದ ಯು.ಪಿ.ಐ. ಹಣಕ್ಕೂ 59 ರೂಪಾಯಿ ಹೋಗುತ್ತಿರಬಹುದು. ಒಪ್ಪಂದದಲ್ಲಿ ಯು.ಪಿ.ಐ., ಡೆಬಿಟ್, ಕ್ರೆಡಿಟ್ ಎಂದು ಬೇರೆ ಬೇರೆ ದರ ಇದೆಯಾ ಅಂತ ಮೊದಲು ನೋಡಿ.

ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಆರ್ಡರ್ ಕೊಡುವ ಪರಿಚಿತ ಗಿರಾಕಿಗೆ ಗೇಟ್‌ವೇ ಲಿಂಕ್ ಕಳಿಸುವ ಅಗತ್ಯವೇ ಇಲ್ಲ. ನೇರ ಕ್ಯೂ.ಆರ್. ಸಾಕು. ತಿಂಗಳ 40 ಆರ್ಡರ್‌ಗಳಲ್ಲಿ 25 ಹೀಗೆ ನೇರವಾಗಿ ಬಂದು, 15 ಮಾತ್ರ ಕಾರ್ಡ್‌ನಲ್ಲಿ ಬಂದರೆ ಶುಲ್ಕ 2,360ರಿಂದ 885ಕ್ಕೆ ಇಳಿಯುತ್ತದೆ. ಉಳಿತಾಯ 1,475 ರೂಪಾಯಿ. ವರ್ಷಕ್ಕೆ 17,700. ಮಕ್ಕಳ ಶಾಲೆಯ ಫೀಸಿಗೆ ಇದೇನು ಸಣ್ಣ ಮೊತ್ತವಲ್ಲ.

ಒಂದು ಎಚ್ಚರ: ನೇರ ಯು.ಪಿ.ಐ.ಯಲ್ಲಿ ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಹಾಕಬೇಡಿ. ನಿಮ್ಮ ಖಾತೆಯಲ್ಲಿ ಹಣ ನೋಡಿದ ಮೇಲೆಯೇ ಹಾಕಿ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಕೇಳಿದರೆ ಅದು ನಿಮ್ಮಿಂದ ಹಣ ತೆಗೆಯುವ ಪ್ರಯತ್ನ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಗಲ್ಫ್‌ನ ಗಿರಾಕಿ

ನಮ್ಮ ಮನೆಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ದುಬೈಯಲ್ಲಿರುವ ಮಗ ಅಲ್ಲಿನ ಬ್ಯಾಂಕಿನ ಕಾರ್ಡ್ ಬಳಸಿ ಆರ್ಡರ್ ಮಾಡಿದರೆ ಅದು ಅಂತಾರಾಷ್ಟ್ರೀಯ ವ್ಯವಹಾರ. ದರ ಸಾಮಾನ್ಯವಾಗಿ ಶೇ. 3. ನಮ್ಮ ಉದಾಹರಣೆಯಲ್ಲಿ 75 ರೂಪಾಯಿ, ತೆರಿಗೆ 13.50, ಒಟ್ಟು 88.50. 300ರ ಲಾಭದಲ್ಲಿ ಉಳಿಯುವುದು 211.50. ದಿರ್ಹಮ್‌ನಿಂದ ರೂಪಾಯಿಗೆ ಬದಲಾಯಿಸಿದ ಖರ್ಚು ಆ ಮಗನ ತಲೆಗೂ ಬೀಳಬಹುದು.

ಇದಕ್ಕೆ ಒಳ್ಳೆಯ ದಾರಿ ಒಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಎನ್.ಆರ್.ಇ. ಅಥವಾ ಎನ್.ಆರ್.ಒ. ಖಾತೆ ಇರುವ ಅನಿವಾಸಿಗಳು ತಾವಿರುವ ದೇಶದ ಮೊಬೈಲ್ ನಂಬರ್ ಇಟ್ಟುಕೊಂಡೇ ಯು.ಪಿ.ಐ. ಬಳಸಲು 2023ರ ಜನವರಿಯಲ್ಲಿ ಎನ್.ಪಿ.ಸಿ.ಐ. ಅವಕಾಶ ಕೊಟ್ಟಿತು. ಮೊದಲ ಹತ್ತು ದೇಶಗಳ ಪಟ್ಟಿಯಲ್ಲೇ ಯು.ಎ.ಇ., ಸೌದಿ ಅರೇಬಿಯಾ, ಕತಾರ್, ಒಮಾನ್ ಇದ್ದವು. ಅವರ ಬ್ಯಾಂಕ್ ಈ ಸೌಲಭ್ಯ ಕೊಟ್ಟಿದ್ದರೆ ದುಬೈಯಿಂದಲೇ ನಿಮ್ಮ ಕ್ಯೂ.ಆರ್.ಗೆ ರೂಪಾಯಿಯಲ್ಲೇ ಹಣ ಬರುತ್ತದೆ. 88.50 ರೂಪಾಯಿ ಉಳಿಯಿತು.

ವಿದೇಶಿ ಕಾರ್ಡ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ದೇಶದೊಳಗೆ ಆನ್‌ಲೈನ್ ಕಾರ್ಡ್ ಪಾವತಿಗೆ ಒ.ಟಿ.ಪಿ.ಯಂಥ ಎರಡನೇ ಪರಿಶೀಲನೆಯನ್ನು ರಿಸರ್ವ್ ಬ್ಯಾಂಕ್ 2009ರಿಂದಲೇ ಕಡ್ಡಾಯ ಮಾಡಿದೆ. ಹೊರದೇಶದ ಕಾರ್ಡ್‌ಗಳಲ್ಲಿ ಅದು ಇರಲೇಬೇಕೆಂದಿಲ್ಲ. ಕದ್ದ ಕಾರ್ಡ್‌ನಲ್ಲಿ ಯಾರೋ ಸಾಮಾನು ತರಿಸಿಕೊಂಡರೆ ಕಾರ್ಡ್‌ನ ಮಾಲೀಕ ತನ್ನ ಬ್ಯಾಂಕಿಗೆ ದೂರು ಕೊಡುತ್ತಾನೆ, ಹಣ ನಿಮ್ಮಿಂದ ವಾಪಸ್ ಹೋಗಬಹುದು. ಪರಿಚಯವೇ ಇಲ್ಲದ ಗಿರಾಕಿ ವಿದೇಶಿ ಕಾರ್ಡ್‌ನಲ್ಲಿ ದೊಡ್ಡ ಆರ್ಡರ್ ಹಾಕಿದರೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಕಣ್ಣಿಗೆ ಬೀಳದ ಖರ್ಚುಗಳು

ಶೇಕಡಾ ದರದ ಜೊತೆ ಕೆಲವು ಕಂಪೆನಿಗಳು ಪ್ರತಿ ವ್ಯವಹಾರಕ್ಕೆ 3 ರೂಪಾಯಿಯಂಥ ನಿಗದಿತ ಮೊತ್ತವನ್ನೂ ಹಾಕುತ್ತವೆ. 2,500ರ ಆರ್ಡರ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ 150 ರೂಪಾಯಿಯ ಮಸಾಲೆ ಪ್ಯಾಕೆಟ್‌ಗೆ ಶೇ. 2ರ 3 ರೂಪಾಯಿ, ಮೇಲಿನ 3 ರೂಪಾಯಿ ಸೇರಿ 6 ಆಯ್ತು. ಅಂದರೆ ಶೇ. 4. ಸಣ್ಣ ಸಣ್ಣ ಪ್ಯಾಕೆಟ್ ಮಾರುವವರು ಕಾರ್ಡ್ ಆರ್ಡರ್‌ಗೆ ಕನಿಷ್ಠ ಮೊತ್ತ ಇಡುವುದು ಒಳ್ಳೆಯದು. ಇಲ್ಲವೇ ಮೂರ್ನಾಲ್ಕು ಪ್ಯಾಕೆಟ್ ಸೇರಿಸಿ ಒಂದು ಕಟ್ಟಾಗಿ ಮಾರಿ.

ಎರಡನೆಯದು ವಾಪಸ್ ಹಣ. ಗಿರಾಕಿ ಬೇಡ ಅಂದರು, ನೀವು ಪೂರ್ತಿ 2,500 ವಾಪಸ್ ಕೊಟ್ಟಿರಿ. ಆದರೆ ಮೊದಲು ಕಡಿತವಾದ 59 ರೂಪಾಯಿ ಹೆಚ್ಚಿನ ಕಂಪೆನಿಗಳಲ್ಲಿ ವಾಪಸ್ ಬರುವುದಿಲ್ಲ. ಕೊರಿಯರ್‌ಗೆ ಹೋಗಲು 150, ಬರಲು 150 ಅಂತಿಟ್ಟುಕೊಂಡರೆ ಒಟ್ಟು ನಷ್ಟ 359. ಒಂದು ವಾಪಸಾತಿ ಒಂದು ಮಾರಾಟದ ಇಡೀ ಲಾಭವನ್ನು ತಿಂದು ಮೇಲೆ 59 ಕೇಳುತ್ತದೆ. ಆದ್ದರಿಂದ ಸಾಮಾನಿನ ತೂಕ, ಅಳತೆ, ತಯಾರಿಸಿದ ದಿನ ಎಲ್ಲ ಮೊದಲೇ ಸ್ಪಷ್ಟವಾಗಿ ಬರೆಯಿರಿ. ವಾಪಸಾತಿ ಕಡಿಮೆ ಮಾಡುವುದು ಶುಲ್ಕ ಕಡಿಮೆ ಮಾಡಿದ್ದಕ್ಕೆ ಸಮ.

ಮೂರನೆಯದು ಚಾರ್ಜ್‌ಬ್ಯಾಕ್. "ಸಾಮಾನು ಬರಲೇ ಇಲ್ಲ" ಎಂದು ಗಿರಾಕಿ ತನ್ನ ಬ್ಯಾಂಕಿಗೆ ದೂರು ಕೊಟ್ಟರೆ ಹಣ ತಡೆಹಿಡಿಯಲಾಗುತ್ತದೆ. ನಿಮಗೆ ಉತ್ತರಿಸಲು ಕೆಲವೇ ದಿನ. ಬಿಲ್, ಕೊರಿಯರ್ ರಸೀದಿ, ಟ್ರ್ಯಾಕಿಂಗ್ ನಂಬರ್, ತಲುಪಿದ್ದಕ್ಕೆ ಸಹಿ ಇದ್ದರೆ ಗೆಲ್ಲುತ್ತೀರಿ. ಇಲ್ಲದಿದ್ದರೆ ಸಾಮಾನೂ ಹೋಯ್ತು, ಹಣವೂ ಹೋಯ್ತು. ರಸೀದಿಗಳನ್ನು ಕನಿಷ್ಠ ಆರು ತಿಂಗಳು ಜೋಪಾನವಾಗಿಡಿ.

ನಾಲ್ಕನೆಯದು ಕಾಯುವ ಖರ್ಚು. ಗೇಟ್‌ವೇ ಹಣ ಒಂದೆರಡು ಕೆಲಸದ ದಿನ ಬಿಟ್ಟು ಬರುತ್ತದೆ. ಕೂಡಲೇ ಬೇಕು ಅಂದರೆ 'ಇನ್‌ಸ್ಟಂಟ್ ಸೆಟಲ್‌ಮೆಂಟ್' ಎಂದು ಮತ್ತೊಂದು ಶುಲ್ಕ. ತುರ್ತು ಇಲ್ಲದಿದ್ದರೆ ಆ ಬಟನ್ ಮುಟ್ಟಬೇಡಿ.

ಹಾಗಾದರೆ ಕಾರ್ಡೇ ಬೇಡ, ಸಾಮಾನು ತಲುಪಿದ ಮೇಲೆ ನಗದು ತಗೊಳ್ಳೋಣ ಅನ್ನುವವರಿದ್ದಾರೆ. ನಗದು ವಸೂಲಿಗೆ ಕೊರಿಯರ್‌ನವರೂ ಶುಲ್ಕ ಹಾಕುತ್ತಾರೆ, ಹಣ ಬರಲು ಇನ್ನೂ ಹೆಚ್ಚು ದಿನ ಬೇಕು. ಬಾಗಿಲಲ್ಲಿ ಬೇಡ ಅಂದುಬಿಟ್ಟರೆ ಎರಡೂ ಕಡೆಯ ಸಾಗಾಟ ನಿಮ್ಮ ಮೇಲೆ. ಮುಂಚಿತವಾಗಿ ಹಣ ಕಟ್ಟಿದ ಗಿರಾಕಿ ಸಾಮಾನ್ಯವಾಗಿ ಪಾರ್ಸೆಲ್ ಬಿಡಿಸಿಕೊಳ್ಳುತ್ತಾನೆ. ಕಾರ್ಡ್‌ಗೆ ಕೊಟ್ಟ 59 ರೂಪಾಯಿಯಲ್ಲಿ ಈ ಭರವಸೆಯೂ ಸೇರಿದೆ.

ಬೆಲೆಗೆ ಸೇರಿಸುವುದು ಹೇಗೆ?

"ಕಾರ್ಡ್ ಆದರೆ ಶೇ. 2 ಹೆಚ್ಚು ಕೊಡಿ" ಎಂದು ಬೋರ್ಡ್ ಹಾಕುವ ರೂಢಿ ಅಲ್ಲಲ್ಲಿ ಇದೆ. ಡೆಬಿಟ್ ಕಾರ್ಡ್‌ನಲ್ಲಿ ಎಂ.ಡಿ.ಆರ್. ಹೊರೆಯನ್ನು ಗಿರಾಕಿಯ ಮೇಲೆ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಗಿರಾಕಿಗೂ ಇದು ಹಿಡಿಸುವುದಿಲ್ಲ.

ಉತ್ತಮ ದಾರಿ ಎಂದರೆ ಸರಾಸರಿ ಹಿಡಿಯುವುದು. 40 ಆರ್ಡರ್‌ನಲ್ಲಿ ಒಟ್ಟು ಶುಲ್ಕ 885 ಆದರೆ, ಒಂದಕ್ಕೆ ಬೀಳುವುದು ಸುಮಾರು 22 ರೂಪಾಯಿ. ಎಲ್ಲ ಆರ್ಡರ್‌ಗೂ ಬೆಲೆಯಲ್ಲಿ 25 ರೂಪಾಯಿ ಸೇರಿಸಿ 2,525 ಮಾಡಿದರೆ ಲೆಕ್ಕ ಸರಿಯಾಯ್ತು. ಪ್ರತಿ ಆರ್ಡರ್‌ಗೆ 59 ಸೇರಿಸುವ ಅಗತ್ಯವಿಲ್ಲ. ಯಾಕೆಂದರೆ ಎಲ್ಲರೂ ಕಾರ್ಡ್‌ನಲ್ಲಿ ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಈ ಸರಾಸರಿಯನ್ನು ಮತ್ತೆ ತೆಗೆದು ನೋಡಿ. ಕಾರ್ಡ್ ಪಾಲು ಏರಿದ್ದರೆ ಬೆಲೆಯನ್ನೂ ಸರಿಪಡಿಸಿ.

ಹಣ ಯಾರ ಖಾತೆಗೆ?

ಮನೆಯ ಹೆಣ್ಣುಮಕ್ಕಳು ವ್ಯಾಪಾರ ಮಾಡುತ್ತಾರೆ, ಕ್ಯೂ.ಆರ್. ಮಾತ್ರ ಗಂಡನದ್ದೋ ಗಲ್ಫ್‌ನಲ್ಲಿರುವ ಮಗನದ್ದೋ. ಇದು ಮುಂದೆ ತೊಂದರೆ ತರುತ್ತದೆ. ಹಣ ಯಾರ ಪ್ಯಾನ್ ಇರುವ ಖಾತೆಗೆ ಬೀಳುತ್ತದೋ ಇಲಾಖೆಯ ಕಣ್ಣಿಗೆ ಅದು ಅವರ ವಹಿವಾಟು. ಅದರಲ್ಲೂ ಊರಿನಲ್ಲಿ ದುಡಿದ ರೂಪಾಯಿಯನ್ನು ಎನ್.ಆರ್.ಇ. ಖಾತೆಗೆ ಹಾಕಲು ನಿಯಮ ಬಿಡುವುದಿಲ್ಲ. ವ್ಯಾಪಾರ ಯಾರದ್ದೋ ಅವರ ಹೆಸರಿನಲ್ಲೇ, ಮನೆಖರ್ಚಿನದ್ದಲ್ಲದ ಪ್ರತ್ಯೇಕ ಖಾತೆ ತೆರೆಯಿರಿ. ಉದ್ಯಮ್ ನೋಂದಣಿ ಸರಕಾರದ ಜಾಲತಾಣದಲ್ಲಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರ ಅಗತ್ಯವಿಲ್ಲ.

ಇದರ ಮಹತ್ವ 2025ರ ಜುಲೈಯಲ್ಲಿ ರಾಜ್ಯಕ್ಕೇ ಗೊತ್ತಾಯ್ತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರ ವರೆಗಿನ ಯು.ಪಿ.ಐ. ಜಮೆಯ ಮಾಹಿತಿ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಗಳಲ್ಲಿ 'ಯು.ಪಿ.ಐ. ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಬಂದ್ ಮಾತೂ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಜಿ.ಎಸ್.ಟಿ. ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಆ ಗಲಾಟೆಯಲ್ಲಿ ಎಷ್ಟೋ ಮಂದಿ ಹೇಳಿದ ಮಾತು ಒಂದೇ: ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣ ಅಲ್ಲ, ನೆಂಟರು ಕಳಿಸಿದ್ದೂ, ಸಾಲ ತೀರಿಸಿದ್ದೂ ಇದೆ. ನಿಜವೇ. ಆದರೆ ಬೇರೆ ಬೇರೆ ಖಾತೆ ಇಲ್ಲದಿದ್ದರೆ ಅದನ್ನು ಸಾಬೀತು ಮಾಡುವುದು ಯಾರಿಂದ ಸಾಧ್ಯ?

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು. ಇದು ರಾಜ್ಯದೊಳಗಿನ ಮಾತು. ತೆರಿಗೆ ಇರುವ ಸರಕನ್ನು ರಾಜ್ಯದ ಹೊರಗೆ ಕಳಿಸುವುದಾದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಹಿರಿಯೂರಿನಿಂದ ಮಂಗಳೂರಿಗೆ ಘಟ್ಟ ಇಳಿದು ಹೋದರೂ ಅದು ರಾಜ್ಯದೊಳಗೆ. ಅಲ್ಲಿಂದ ತಲಪಾಡಿ ದಾಟಿ ಮಂಜೇಶ್ವರಕ್ಕೆ ಒಂದು ಡಬ್ಬಿ ಎಣ್ಣೆ ಹೋದರೆ ಅದು ಹೊರರಾಜ್ಯ. ಕಾಸರಗೋಡಿನ ನೆಂಟರ ಆರ್ಡರ್ ಹಿಡಿಯುವ ಮೊದಲು ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿ.

ನೋಂದಣಿಯಿಂದ ಒಂದು ಲಾಭವೂ ಇದೆ. ಮಾಮೂಲಿ ನೋಂದಣಿ ಇರುವವರು ಗೇಟ್‌ವೇ ಶುಲ್ಕದ ಮೇಲೆ ಕಟ್ಟಿದ ಜಿ.ಎಸ್.ಟಿ.ಯನ್ನು, ಅಂದರೆ ನಮ್ಮ ಲೆಕ್ಕದ ಆ 9 ರೂಪಾಯಿಯನ್ನು, ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಈ ಅವಕಾಶ ಇಲ್ಲ.

ಇದು ಬಡ್ಡಿಯೇ?

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ವ್ಯವಹಾರದ ದೃಷ್ಟಿಯಿಂದ ಹೇಳುವುದಾದರೆ ಎಂ.ಡಿ.ಆರ್. ಒಂದೇ ಸಲ ಕಡಿತವಾಗುವ ಸೇವಾ ಶುಲ್ಕ. ದಿನ ಕಳೆದಂತೆ ಬೆಳೆಯುವುದಿಲ್ಲ. ಗಿರಾಕಿ ಬಿಲ್ ಕಟ್ಟದೆ ಬಾಕಿ ಉಳಿಸಿದರೆ ಬಡ್ಡಿ ಬೀಳುವುದು ಗಿರಾಕಿಗೆ. ಬಡ್ಡಿ ಬರುವುದು ಬೇರೆ ಎರಡು ಬಾಗಿಲಿನಿಂದ. ಒಂದು, 'ನೋ ಕಾಸ್ಟ್ ಇ.ಎಂ.ಐ.' ಕೊಡುಗೆ. ಗಿರಾಕಿಗೆ ಇಲ್ಲದ ಬಡ್ಡಿಯನ್ನು ಅಲ್ಲಿ ವ್ಯಾಪಾರಿ ರಿಯಾಯಿತಿಯ ರೂಪದಲ್ಲಿ ಹೊರುವುದುಂಟು. ಎರಡು, ನಿಮ್ಮ ಮಾರಾಟ ನೋಡಿ ಗೇಟ್‌ವೇ ಆ್ಯಪ್‌ನಲ್ಲೇ ಬರುವ 'ತಕ್ಷಣ ಸಾಲ' ಎಂಬ ಸಂದೇಶ. ದಿನದ ಮಾರಾಟದಿಂದ ಸ್ವಲ್ಪ ಸ್ವಲ್ಪವೇ ಹಿಡಿಯುವುದರಿಂದ ಅದರ ಭಾರ ಗೊತ್ತಾಗುವುದಿಲ್ಲ. ಈ ಎರಡನ್ನೂ ಓದದೆ ಒಪ್ಪಬೇಡಿ. ಧಾರ್ಮಿಕ ವಿಧಿಯ ಸಂಶಯ ಇರುವವರು ಕರಾರುಪತ್ರ ತೋರಿಸಿಯೇ ತಮ್ಮ ಊರಿನ ಉಲಮಾಗಳನ್ನು ಕೇಳುವುದು ಒಳ್ಳೆಯದು.

ಸಹಿ ಹಾಕುವ ಮೊದಲು

ಗೇಟ್‌ವೇ ಸೇರುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಕಂಪೆನಿಗೆ ಪೇಮೆಂಟ್ ಅಗ್ರಿಗೇಟರ್ ಎಂದು ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ? ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬ್ಯಾಂಕೇತರ ಕಂಪೆನಿಗಳಿಗೆ ಇದು ಬೇಕೇಬೇಕು. ವ್ಯಾಪಾರಿಗಳ ಹಣವನ್ನು ಅವು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲೇ ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ.

ಯು.ಪಿ.ಐ., ರುಪೇ ಡೆಬಿಟ್, ಬೇರೆ ಡೆಬಿಟ್, ಕ್ರೆಡಿಟ್, ವಿದೇಶಿ ಕಾರ್ಡ್, ಇ.ಎಂ.ಐ. ಇವುಗಳಿಗೆ ಬೇರೆ ಬೇರೆ ದರ ಎಷ್ಟು?

ಪ್ರತಿ ವ್ಯವಹಾರಕ್ಕೆ ನಿಗದಿತ ಶುಲ್ಕ, ಸೇರ್ಪಡೆ ಶುಲ್ಕ, ವಾರ್ಷಿಕ ಶುಲ್ಕ ಇದೆಯೇ?

ಹಣ ವಾಪಸ್ ಕೊಟ್ಟರೆ ಶುಲ್ಕ ವಾಪಸ್ ಬರುತ್ತದೆಯೇ? ಚಾರ್ಜ್‌ಬ್ಯಾಕ್‌ಗೆ ಬೇರೆ ದಂಡ ಇದೆಯೇ?

ಎಷ್ಟು ದಿನದಲ್ಲಿ ಹಣ ಖಾತೆಗೆ ಬರುತ್ತದೆ?

ವ್ಯಾಪಾರ ಬೆಳೆದರೆ ದರ ಇಳಿಸುತ್ತೀರಾ? ಒಂದು ವರ್ಷ ಚೆನ್ನಾಗಿ ನಡೆದು, ವಾಪಸಾತಿ ಕಡಿಮೆ ಇದ್ದರೆ ದರ ಇಳಿಸಿ ಅಂತ ಕೇಳಬಹುದು. ಕೇಳಿದವರಿಗೆ ಸಿಕ್ಕೀತು, ಕೇಳದವರಿಗಂತೂ ಸಿಗುವುದಿಲ್ಲ.

ಸೇರಿದ ಮೇಲೆ ತಿಂಗಳಿಗೊಮ್ಮೆ ಅರ್ಧ ಗಂಟೆ ಈ ಕೆಲಸಕ್ಕೆ ಇಡಿ. ಗೇಟ್‌ವೇ ಕೊಡುವ ತಿಂಗಳ ವಿವರ ತೆಗೆದು ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯಿರಿ: ಒಟ್ಟು ಮಾರಾಟ, ಒಟ್ಟು ಲಾಭ, ಒಟ್ಟು ಶುಲ್ಕ, ಅದರಲ್ಲಿ ಯು.ಪಿ.ಐ.ಗೆ ಹಿಡಿದದ್ದು ಎಷ್ಟು. ಶುಲ್ಕವನ್ನು ಮಾರಾಟದಿಂದಲ್ಲ, ಲಾಭದಿಂದ ಭಾಗಿಸಿ. ಆ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಏರುತ್ತಿದ್ದರೆ, ಯಾವ ದಾರಿಯಲ್ಲಿ ಏರಿದೆ ಅಂತ ಹುಡುಕಲು ಬೇಕಾದದ್ದೆಲ್ಲ ಆ ನಾಲ್ಕು ಸಾಲಿನಲ್ಲೇ ಇರುತ್ತದೆ.